ಕ್ರೌಂಚದ ಕೊಕ್ಕಿನ ಹೂವು

ಸಾಗರದ ಕಡೆಯ ನಮ್ಮ ಅಡಿಕೆ ತೋಟದ ಮಣ್ಣಿನ ಬಣ್ಣವೇ ಇಂಗ್ಲೆಂಡಿನ ಒಂದು ಹಿತ್ತಿಲಲ್ಲಿಯೂ ನನಗಾಗಿ ಕಾದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಮೇ ತಿಂಗಳ ಕೊನೆಯ ವಾರ, ಸಾಮರ್‌ಸೆಟ್ ಸೀಮೆಯ ಟಾಂಟನ್ ಊರಿನ ಅಂಚಿನಲ್ಲಿರುವ ಮಗಳ ಮನೆಗೆ ಬಂದ ಮರುದಿನ, ನಾಲ್ಕೂವರೆಗೇ ಪರದೆಯ ಸಂದಿನಿಂದ ಬೆಳಕು ಒಳಗೆ ಸರಿದು ಬಂತು. ಇನ್ನು ನಿದ್ದೆ ಬಾರದೆಂದು ಶಾಲು ಹೊದ್ದು ಹಿಂಬಾಗಿಲು ತೆರೆದು ನಿಂತೆ. ಹುಲ್ಲಿನ ಮೇಲೆ ಇಬ್ಬನಿ, ಬೇಲಿಯ ಮೇಲೆ ಹೆಸರು ತಿಳಿಯದ ಹಕ್ಕಿಯೊಂದರ ಉದ್ದನೆಯ ಹಾಡು, ಮೂಲೆಯ ದೊಡ್ಡ ಮರದ ಕೆಳಗೆ ಏನನ್ನೂ ಹೊದೆಯದೆ ಬಿದ್ದ ಕೆಂಪು ಮಣ್ಣು. ಮತ್ತೆ, ಕಾಲುದಾರಿಯ ಎರಡೂ ಮಗ್ಗುಲಲ್ಲಿ, ಕಲ್ಲಿನ ಅಂಚು ದಾಟಿ ಹೊರಗೆ ಕೈಚಾಚಿ, ಮೊಣಕಾಲೆತ್ತರಕ್ಕೂ ಏರದೆ, ನೀಲಿಯೋ ನೇರಳೆಯೋ ಎಂದು ಹೇಳಲು ಬಾರದ ಹೂಗಳನ್ನು ಹೊತ್ತು ಹರಡಿಕೊಂಡ ಒಂದು ಹಸಿರು ಹಾಸು. ಸೂರ್ಯ ಇನ್ನೂ ಮನೆಗಳ ಹಿಂದೆಯೇ ಇದ್ದ. ಆ ಮಬ್ಬಿನಲ್ಲಿ ಹೂವಿನ ಬಣ್ಣ ಎಸಳಿನಲ್ಲಿ ಇರುವಂತೆ ಕಾಣಲಿಲ್ಲ, ಎಸಳಿಗಿಂತ ಒಂದು ಬೆರಳು ಮೇಲೆ ಗಾಳಿಯಲ್ಲಿ ತೇಲುತ್ತಿರುವಂತೆ ಇತ್ತು.

‘ಅದು ಜೆರೇನಿಯಂ ಅಮ್ಮ’ ಎಂದಳು ಮಗಳು, ಕಾಫಿ ಹಿಡಿದು ಬಂದವಳು. ನಾನು ನಂಬಲಿಲ್ಲ. ಬೆಂಗಳೂರಿನ ಬಾಲ್ಕನಿಗಳ ಕುಂಡದಲ್ಲಿ, ಊಟಿಯ ಮನೆಗಳ ಕಿಟಕಿಯಲ್ಲಿ ದಪ್ಪ ಕಾಂಡದ ತುದಿಗೆ ಕೆಂಪು ಗೊಂಚಲು ಹೊತ್ತು ನಿಲ್ಲುವ ಜೆರೇನಿಯಂ ನನಗೆ ಗೊತ್ತು. ಅದಕ್ಕೂ ಇದಕ್ಕೂ ಏನು ನಂಟು? ನಂಟು ಇದೆ, ಹೆಸರು ಮಾತ್ರ ಅದಲುಬದಲಾಗಿದೆ. ನಮ್ಮ ಕುಂಡದ ಗಿಡ ದಕ್ಷಿಣ ಆಫ್ರಿಕಾದ ಮೂಲದ್ದು, ಹಿಮ ಬಿದ್ದರೆ ಸಾಯುತ್ತದೆ. ಲಿನೇಯಸ್ 1753ರಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಕೂರಿಸಿದ್ದ. 1789ರಲ್ಲಿ ಲೆರಿತಿಯೇ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕುಂಡದ ಗಿಡಕ್ಕೆ ಪೆಲಾರ್ಗೋನಿಯಂ ಎಂದು ಹೆಸರಿಟ್ಟು ಬೇರೆ ಮಾಡಿದ. ಎರಡು ಶತಮಾನ ಕಳೆದರೂ ಜನ ಅವನ ಮಾತು ಕೇಳಿಲ್ಲ. ಅಣ್ಣನ ಹೆಸರಿನಲ್ಲಿ ತಮ್ಮನನ್ನು ಕರೆಯುವುದು ದೊಡ್ಡ ಕುಟುಂಬಗಳಲ್ಲಿ ಇದ್ದದ್ದೇ. ಚಳಿಗಾಲದಲ್ಲಿ ನೆಲದೊಳಗೆ ಅಡಗಿ, ವಸಂತಕ್ಕೆ ತಾನಾಗಿ ಏಳುವ ಈ ನಿಜವಾದ ಜೆರೇನಿಯಂ ಅಬ್ಬರವಿಲ್ಲದ್ದು. ಐದು ಎಸಳು, ಐದೂ ಸಮ. ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ ಎಂಬಂತೆ ಸುತ್ತ ಕುಳಿತಿರುತ್ತವೆ.

ಆದರೆ ಆ ದಿನ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಮರದ ಕೆಳಗಿನ ಬರಿಯ ಮಣ್ಣಿನ ಕಡೆಗೆ. ನಮ್ಮ ಅತ್ತೆ ಇದ್ದಿದ್ದರೆ ಒಂದು ಗಳಿಗೆಯೂ ಸಹಿಸುತ್ತಿರಲಿಲ್ಲ. ಮಣ್ಣು ಬಿಸಿಲು ಕಾಣಬಾರದು, ಮಳೆಯ ಏಟೂ ತಿನ್ನಬಾರದು ಎಂದು ಬೆಟ್ಟದಿಂದ ಸೊಪ್ಪು, ದರಗು ತರಿಸಿ ಅಡಿಕೆ ಬುಡಕ್ಕೆಲ್ಲ ಹೊದಿಸುತ್ತಿದ್ದ ಹೆಂಗಸು ಆಕೆ. ಹೊದಿಸುವಾಗ ಆಕೆಯ ಕೈ ಮಗುವಿಗೆ ಕಂಬಳಿ ಎಳೆಯುವ ಕೈಯಂತೆಯೇ ಇರುತ್ತಿತ್ತು. ‘ಆ ಮೂಲೇಲಿ ಏನೂ ಬರಲ್ಲ ಕಣೆ ಅಮ್ಮ, ಮೂರು ವರ್ಷ ಹುಲ್ಲು ಹಾಕಿ ನೋಡಾಯ್ತು’ ಎಂದಳು ಮಗಳು. ಮರ ಬೆಳಕನ್ನೂ ಕುಡಿಯುತ್ತದೆ, ನೀರನ್ನೂ ಕುಡಿಯುತ್ತದೆ. ಒಣ ನೆರಳು ಎಂದರೆ ಇಲ್ಲಿನ ತೋಟದವರಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು.

ನನ್ನ ಪೇಚಾಟ ಬೇಲಿಯಾಚೆಗೂ ಕೇಳಿಸಿತೇನೋ. ಎರಡು ದಿನ ಕಳೆದ ಮೇಲೆ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಹಿಡಿ ಬೇರನ್ನು ಬೇಲಿಯ ಮೇಲಿಂದ ಚಾಚಿದರು. ಬೇರು ಎನ್ನುವುದಕ್ಕಿಂತ, ಕಿರುಬೆರಳಿನ ದಪ್ಪದ, ಕಂದು ಸಿಪ್ಪೆ ಹೊದ್ದ ಕಾಂಡಗಳು. ಅರಿಶಿನದ ಕೊಂಬನ್ನು ಯಾರೋ ಜಗ್ಗಿ ಉದ್ದ ಮಾಡಿದಂತೆ. ತುದಿಯಲ್ಲಿ ಮೃದುವಾದ ಎಲೆಯ ಒಂದೊಂದು ಕುಚ್ಚು. ಇದೂ ಜೆರೇನಿಯಮ್ಮೇ, ಮ್ಯಾಕ್ರೋರೈಜಂ ಎಂದು ಹೆಸರು. ದೊಡ್ಡ ಬೇರಿನದು ಎಂದು ಅರ್ಥ. ನೆಡುವುದೆಂದರೆ ಮಲಗಿಸುವುದು ಅಷ್ಟೇ: ಕಾಂಡವನ್ನು ಮಣ್ಣಿನ ಮೇಲೆ ಅಡ್ಡ ಇಟ್ಟು, ಎಲೆಯ ಕುಚ್ಚು ಮಾತ್ರ ಮೇಲೆ ಕಾಣುವಂತೆ ಮಣ್ಣೆಳೆದು, ಅಂಗೈಯಿಂದ ಒತ್ತಬೇಕು. ಒಂದೊಂದರ ನಡುವೆ ಒಂದೊಂದು ಅಡಿ ಬಿಡಬೇಕು. ಮೊದಲ ವರ್ಷ ನೀರು ಕೊಟ್ಟು, ಕಳೆ ಕೀಳುವುದು ನಮ್ಮ ಕೆಲಸ. ಆಮೇಲೆ ಎಲೆಗಳೇ ಒಂದಕ್ಕೊಂದು ತೋಳು ಸೇರಿಸಿ ಚಪ್ಪರ ಹಾಕಿಕೊಳ್ಳುತ್ತವೆ. ಆ ಚಪ್ಪರದ ಕೆಳಗಿನ ಕತ್ತಲೆಯಲ್ಲಿ ಕಳೆಯ ಬೀಜಗಳಿಗೆ ಬೆಳಗಾಗುವುದೇ ಇಲ್ಲ.

ಮೊಣಕಾಲೂರಿ ಕೂತು ನೆಡುವಾಗ ಎಲೆಯೊಂದು ಅಂಗೈಗೆ ಸಿಕ್ಕಿ ಹಿಸುಕಿಹೋಯಿತು. ಆ ಪರಿಮಳವನ್ನು ಹೇಗೆ ಹೇಳಲಿ? ಧೂಪದ ಅಂಟು, ನಿಂಬೆಯ ಎಲೆ, ಮಳೆಗೆ ನೆಂದು ಆಗಷ್ಟೇ ಒಣಗಿದ ಮರದ ಹಲಗೆ, ಎಲ್ಲವೂ ಸೇರಿ ಯಾವುದೂ ಅಲ್ಲದ ಒಂದು ವಾಸನೆ. ಮಧ್ಯಾಹ್ನ ಕೈ ತೊಳೆದರೂ ಹೋಗದೆ, ಸಂಜೆ ಚಪಾತಿ ಹಿಟ್ಟು ನಾದುವಾಗಲೂ ಬೆರಳ ಸಂದಿನಲ್ಲಿ ಉಳಿದೇ ಇತ್ತು. ಬಾಲ್ಕನ್ ಬೆಟ್ಟಗಳ ಈ ಗಿಡವನ್ನು ಬಲ್ಗೇರಿಯದ ಜನ ‘ಜ್ದ್ರಾವೆತ್ಸ್’ ಎನ್ನುತ್ತಾರೆ. ಅವರ ಮಾತಿನಲ್ಲಿ ಆರೋಗ್ಯಕ್ಕಿರುವ ಪದದಿಂದಲೇ ಹುಟ್ಟಿದ ಹೆಸರು ಅದು. ಭಟ್ಟಿ ಇಳಿಸಿ ಎಣ್ಣೆಯನ್ನೂ ತೆಗೆಯುತ್ತಾರೆ. ನಮ್ಮ ಕಡೆ ಅಂಗಳದ ತುಳಸಿಯ ಎಲೆಯೊಂದನ್ನು ಹೋಗುತ್ತ ಬರುತ್ತ ಕಿವುಚಿ ಮೂಸುತ್ತೇವಲ್ಲ, ಆ ಬೆಟ್ಟದ ಮನೆಗಳಲ್ಲಿಯೂ ಯಾರೋ ಒಬ್ಬಾಕೆ ಹೊಸಿಲು ದಾಟುವಾಗ ಬಗ್ಗಿ ಇದೇ ಎಲೆಯನ್ನು ಮುಟ್ಟಿ ಮೂಗಿಗೆ ತಂದುಕೊಳ್ಳುತ್ತಿರಬಹುದು ಎಂದುಕೊಂಡೆ. ಮೂಲೆಯ ಕೆಂಪು ಮಣ್ಣಿನ ಮೇಲೆ ಹದಿನಾಲ್ಕು ಕುಚ್ಚುಗಳು ಬಾಡಿದ ಮುಖ ಮಾಡಿಕೊಂಡು ಕೂತಿದ್ದವು.

ಇನ್ನು ಹೆಸರು. ಜೆರೇನಿಯಂ ಎಂಬುದು ‘ಗೆರಾನೋಸ್’ ಎಂಬ ಗ್ರೀಕ್ ಪದದಿಂದ ಬಂದದ್ದು; ಗೆರಾನೋಸ್ ಎಂದರೆ ಕ್ರೇನ್ ಹಕ್ಕಿ, ನಮ್ಮ ಕ್ರೌಂಚ. ಹೂವು ಉದುರಿದ ಮೇಲೆ ನಡುವಿನ ಶಲಾಕೆ ಬೆಳೆಯುತ್ತ ಬೆಳೆಯುತ್ತ ನೀಳವಾದ ಚೂಪು ಕೊಕ್ಕಾಗುತ್ತದೆ. ಅದಕ್ಕೇ ಇಲ್ಲಿನ ಹಳ್ಳಿಗಳಲ್ಲಿ ಗಿಡದ ಹೆಸರೇ ‘ಕ್ರೇನ್ಸ್‌ಬಿಲ್’, ಕ್ರೌಂಚದ ಕೊಕ್ಕು. ಹತ್ತಿರದ ನಂಟರಿಗೂ ಹಕ್ಕಿಯ ಹೆಸರುಗಳೇ: ಪೆಲಾರ್ಗೋಸ್ ಎಂದರೆ ಕೊಕ್ಕರೆ, ಆದ್ದರಿಂದ ನಮ್ಮ ಕುಂಡದ ಗಿಡ ಪೆಲಾರ್ಗೋನಿಯಂ, ಇರೋಡಿಯೋಸ್ ಎಂದರೆ ಬಕ, ಅದರಿಂದ ಇರೋಡಿಯಂ ಎಂಬ ಮೂರನೆಯ ಗಿಡ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಯ ಹೆಸರನ್ನು ನಾವು ಇಷ್ಟು ವರ್ಷ ತಿಳಿಯದೆಯೇ ಬಾಲ್ಕನಿಯಲ್ಲಿಟ್ಟು ನೀರು ಹಾಕಿದ್ದೇವೆ ಎಂದು ಗೊತ್ತಾದ ಸಂಜೆ ನಾನು ಸುಮ್ಮನೆ ನಕ್ಕೆ. ಕ್ರೌಂಚ ಎಂದಾಗ ಮಾತ್ರ ನಗು ನಿಂತಿತು. ಬೇಡನ ಬಾಣಕ್ಕೆ ಬಿದ್ದ ಗಂಡುಹಕ್ಕಿ, ಸುತ್ತ ಸುಳಿದು ಕೂಗಿದ ಹೆಣ್ಣುಹಕ್ಕಿ, ತಮಸಾ ತೀರದಲ್ಲಿ ಬಾಯಿಂದ ಹೊರಬಿದ್ದ ಮಾತು ಶ್ಲೋಕವಾದದ್ದನ್ನು ಕಂಡು ತಾನೇ ಬೆರಗಾದ ಋಷಿ. ಆ ಹಕ್ಕಿಯ ಕೊಕ್ಕು ಇಲ್ಲಿ, ಕಾಲುದಾರಿಯ ಅಂಚಿನಲ್ಲಿ, ಇಬ್ಬನಿ ಹೊತ್ತು ಮೇಲಕ್ಕೆ ಮುಖ ಮಾಡಿದೆ.

ವಿಚಿತ್ರವೆಂದರೆ ಈ ಹೆಸರಿಟ್ಟುಕೊಂಡ ನಾಡಿನಲ್ಲಿ ಹಕ್ಕಿಯೇ ಇರಲಿಲ್ಲ. ಬೇಟೆಯಾಡಿ ತಿಂದು, ಜೌಗುಗಳನ್ನು ಬತ್ತಿಸಿ, ಸುಮಾರು 400 ವರ್ಷಗಳ ಹಿಂದೆಯೇ ಬ್ರಿಟನ್ನಿನ ಜನ ಕ್ರೌಂಚದ ಗೂಡುಗಳನ್ನು ಕಳೆದುಕೊಂಡಿದ್ದರು. ಎಷ್ಟು ತಲೆಮಾರುಗಳ ಮಕ್ಕಳು, ಹಕ್ಕಿಯನ್ನು ಒಮ್ಮೆಯೂ ಕಾಣದೆ, ಬೇಲಿ ಬದಿಯ ಹೂವನ್ನು ಅದರ ಹೆಸರಿನಿಂದ ಕರೆಯುತ್ತಲೇ ಇದ್ದರು! ಹಕ್ಕಿ ಹೋದರೂ ಕೊಕ್ಕನ್ನು ಗಿಡ ಇಟ್ಟುಕೊಂಡಿತ್ತು. 2010ರಿಂದ 2014ರವರೆಗೆ, ಇದೇ ಟಾಂಟನ್‌ನಿಂದ ಪೂರ್ವಕ್ಕಿರುವ ತಗ್ಗು ಜೌಗುನೆಲದಲ್ಲಿ, ಜರ್ಮನಿಯಿಂದ ಮೊಟ್ಟೆ ತಂದು ಮರಿ ಮಾಡಿದ 93 ಕ್ರೌಂಚಗಳನ್ನು ಬಿಟ್ಟರಂತೆ. ಮರಿಗಳು ಮನುಷ್ಯರಿಗೆ ಒಗ್ಗಿಹೋಗದಿರಲೆಂದು ಸಾಕುವವರು ಬೂದು ಬಣ್ಣದ ನಿಲುವಂಗಿ ತೊಟ್ಟು, ಮುಖ ಮುಚ್ಚಿ, ಕೈಯಲ್ಲಿ ಕ್ರೌಂಚದ ತಲೆಯ ಬೊಂಬೆ ಹಿಡಿದು ಉಣಿಸುತ್ತಿದ್ದರು. ಯಕ್ಷಗಾನದ ನಾಡಿನವಳಾದ ನನಗೆ ಆ ವೇಷದ ಸಂಗತಿ ಬಲು ಇಷ್ಟವಾಯಿತು. ಮಗಳು ಒಂದು ಭಾನುವಾರ ಆ ಕಡೆ ಕರೆದುಕೊಂಡು ಹೋದಳು. ನೀರು, ಆಪು ಹುಲ್ಲು, ಆಕಾಶ. ದೂರದಲ್ಲಿ ಎರಡು ಬೂದು ಗೆರೆಗಳು ನಡೆದಾಡುತ್ತಿದ್ದವು. ಆಮೇಲೆ ಒಂದು ಕೂಗು ಬಂತು, ಕಹಳೆಯಂತೆ, ಆದರೆ ಕಹಳೆಗಿಂತ ಒದ್ದೆಯಾಗಿ. ನಾವಿಬ್ಬರೂ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹಿಂದಿರುಗುವ ದಾರಿಯ ಬದಿಯಲ್ಲಿ, ಇನ್ನೂ ಕತ್ತರಿಸದ ಹುಲ್ಲಿನ ನಡುವೆ, ಹುಲ್ಲುಗಾವಲಿನ ಜೆರೇನಿಯಂ ಮೈತುಂಬ ನೀಲಿಯಾಗಿ ನಿಂತಿತ್ತು.

ಆ ಹೂವಿನ ಒಂದು ಗೆಲ್ಲನ್ನು ಅಂದು ತಂದು ಅಡುಗೆಮನೆಯ ಕಿಟಕಿಯಲ್ಲಿ ಗಾಜಿನ ಲೋಟಕ್ಕಿಟ್ಟೆ. ಪಾತ್ರೆ ತೊಳೆಯುತ್ತ ಅದನ್ನು ನೋಡುವುದೇ ಕೆಲಸವಾಯಿತು. ಎಸಳಿನಲ್ಲಿ ಬುಡದಿಂದ ಅಂಚಿನವರೆಗೆ ಸೂಜಿಯಿಂದ ಗೀರಿದಂಥ ಗೆರೆಗಳು. ಎಲ್ಲ ಗೆರೆಗಳೂ ಒಳಕ್ಕೆ, ಜೇನಿರುವ ಕಡೆಗೆ ಕೈತೋರುತ್ತವೆ. ಅರಳಿದ ಮೊದಲಿಗೆ ಕೇಸರಗಳೇ ಎದ್ದು ನಿಂತು ಪರಾಗ ಕೊಡುತ್ತವೆ, ನಡುವಿನ ಹೆಣ್ಣುಭಾಗ ಮುಷ್ಟಿ ಬಿಗಿದು ಕೂತಿರುತ್ತದೆ. ಅವು ಬಾಡಿ ಬಗ್ಗಿದ ಮೇಲೆ ಆ ಮುಷ್ಟಿ ಐದು ಬೆರಳಾಗಿ ಬಿಚ್ಚಿಕೊಳ್ಳುತ್ತದೆ. ಹೀಗೆ ತನ್ನ ಪರಾಗ ತನಗೇ ತಾಗದಂತೆ ಹೂವು ಸರದಿ ಕಾಯುತ್ತದೆ.

ಮಗಳ ಭೂತಗನ್ನಡಿ ಹಿಡಿದು ನೋಡಿದರೆ ಎಸಳಿನ ಬುಡದಲ್ಲಿ ಬಿಳಿಯ ರೋಮ. ಕಣ್ಣರೆಪ್ಪೆಯ ಕೂದಲಿಗಿಂತ ಸಣ್ಣ, ಎಳೆಗೂಸಿನ ಕಿವಿಯ ಮೇಲಿನ ನುಣುಪಿನಂಥ ರೋಮ. 1787ರಲ್ಲಿ, ಇದರ ಸೋದರನಾದ ಕಾಡು ಜೆರೇನಿಯಮ್ಮಿನಲ್ಲಿ ಇಂಥದೇ ರೋಮವನ್ನು ಒಬ್ಬ ಮೇಷ್ಟರು ಕಂಡರು. ಬರ್ಲಿನ್ನಿನ ಪಕ್ಕದ ಸ್ಪಾಂಡಾವಿನಲ್ಲಿ ಶಾಲೆ ನಡೆಸುತ್ತಿದ್ದ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್. ಸೃಷ್ಟಿಸಿದವನು ಒಂದು ಕೂದಲನ್ನೂ ಸುಮ್ಮನೆ ಇಟ್ಟಿರಲಾರ ಎಂಬ ನಂಬಿಕೆ ಅವರದು. ಹಾಗಾದರೆ ಇದು ಯಾಕೆ? ನೋಡುತ್ತ ನೋಡುತ್ತ ಹೊಳೆಯಿತು: ರೋಮದ ಕೆಳಗೆ ಜೇನಿನ ಹನಿಗಳಿವೆ. ಮಳೆಯ ಹನಿ ರೋಮದ ಮೇಲೆಯೇ ತಡೆದು ನಿಲ್ಲುತ್ತದೆ, ಜೇನಿನೊಂದಿಗೆ ಬೆರೆಯುವುದಿಲ್ಲ. ನಮ್ಮ ಹುಬ್ಬು ಹಣೆಯ ಬೆವರನ್ನು ಕಣ್ಣಿಗಿಳಿಯದಂತೆ ತಡೆಯುವ ಹಾಗೆ. ಜೇನು ಯಾರಿಗಾಗಿ? ಕೀಟಕ್ಕಾಗಿ. ಕೀಟ ಯಾತಕ್ಕೆ? ಹೀಗೆ ಒಂದು ಕೂದಲಿನ ಎಳೆ ಹಿಡಿದು ಅವರು ಹೂವಿಗೂ ದುಂಬಿಗೂ ನಡುವಿನ ಇಡೀ ಒಪ್ಪಂದವನ್ನು ಬಿಡಿಸುತ್ತ ಹೋದರು. 1793ರಲ್ಲಿ ಪುಸ್ತಕ ಬಂತು. ಓದಿದವರು ಕಡಿಮೆ. ಮರುವರ್ಷ ಶಾಲೆಯ ಕೆಲಸವೂ ಹೋಯಿತು. ಆ ಪುಸ್ತಕವನ್ನು ಡಾರ್ವಿನ್ ಕೈಗೆತ್ತಿಕೊಂಡದ್ದು 1841ರಲ್ಲಿ, ಮೇಷ್ಟರು ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ. ಅಷ್ಟು ಸಣ್ಣ ರೋಮವನ್ನು ಕಾಣಬೇಕಾದರೆ ಮನುಷ್ಯ ಎಷ್ಟು ಹೊತ್ತು ಬಗ್ಗಿರಬೇಕು, ಆ ಹೊತ್ತಿನಲ್ಲಿ ಶಾಲೆಯ ಗಂಟೆ ಎಷ್ಟು ಸಲ ಹೊಡೆದಿರಬೇಕು! ನನಗೆ ಆ ಮೇಷ್ಟರ ಬೆನ್ನು ಕಾಣಿಸುತ್ತದೆ, ಮುಖ ಕಾಣಿಸುವುದಿಲ್ಲ.

ಜುಲೈ ಬಂತು. ಹುಲ್ಲುಗಾವಲಿನ ಜೆರೇನಿಯಂ ಹೂವು ಮುಗಿದ ಮೇಲೆ ತೊಟ್ಟು ಬಗ್ಗಿಸಿ ತಲೆ ತಗ್ಗಿಸುತ್ತದೆ. ಕಾಯಿ ಬಲಿಯುವವರೆಗೂ ಹಾಗೇ ಇರುತ್ತದೆ. ಬಲಿತ ದಿನ ಮತ್ತೆ ತಲೆ ಎತ್ತುತ್ತದೆ. ಕೊಕ್ಕಿನ ಬುಡದಲ್ಲಿ ಐದು ಪುಟ್ಟ ಬಟ್ಟಲು, ಬಟ್ಟಲಿಗೊಂದು ಬೀಜ. ಪ್ರತಿ ಬಟ್ಟಲಿನಿಂದ ಒಂದೊಂದು ಪಟ್ಟಿ ಕೊಕ್ಕಿನ ತುದಿಯವರೆಗೆ ಅಂಟಿಕೊಂಡಿರುತ್ತದೆ. ಬಿಸಿಲಿಗೆ ಪಟ್ಟಿಯ ಹೊರಮೈ ಒಳಮೈಗಿಂತ ಹೆಚ್ಚು ಕುಗ್ಗಿ, ಬಿಲ್ಲಿನ ಹಾಗೆ ಬಿಗಿಯುತ್ತದೆ. ನಮ್ಮ ಬಾಲ್ಯದ ಗೌರಿಹೂವಿನ ಕಾಯಿಗೆ ಬೆರಳು ತಾಗಬೇಕಿತ್ತು, ರಸ್ತೆ ಬದಿಯ ಪಟಪಟಿ ಕಾಯಿಗೆ ಎಂಜಲು ಹಚ್ಚಬೇಕಿತ್ತು. ಇದಕ್ಕೆ ಯಾರೂ ಬೇಡ, ಬಿಸಿಲು ಸಾಕು. ಕಿಟಕಿಯಲ್ಲಿಟ್ಟಿದ್ದ ಒಣ ಗೆಲ್ಲಿನಿಂದ ಒಂದು ಮಧ್ಯಾಹ್ನ ಗಾಜಿಗೆ ‘ಟಕ್’ ಎಂದು ಏನೋ ಬಡಿಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು ಟಕ್. ಹತ್ತಿರ ಹೋಗಿ ನೋಡಿದೆ. ಪಟ್ಟಿಗಳು ಬುಡದಿಂದ ಬಿಟ್ಟುಕೊಂಡು ಮೇಲಕ್ಕೆ ಸುರುಳಿಯಾಗಿ ಬಾಗಿ, ತುದಿಯಲ್ಲಿ ಬರಿದಾದ ಐದು ಬಟ್ಟಲನ್ನು ಸುತ್ತಲೂ ಹಿಡಿದು ನಿಂತಿದ್ದವು. ದೇವಸ್ಥಾನದಲ್ಲಿ ಮಂಗಳಾರತಿ ಮುಗಿದು, ಬತ್ತಿ ಆರಿ, ಇನ್ನೂ ಬಿಸಿಯಿರುವ ಪಂಚಾರತಿಯನ್ನು ಭಟ್ಟರು ಕೆಳಗಿಟ್ಟಿರುತ್ತಾರಲ್ಲ, ಹಾಗೆ. ಬೀಜ ಮಾತ್ರ ಎಲ್ಲಿಯೂ ಸಿಗಲಿಲ್ಲ. ಮೂರು ದಿನ ಬಿಟ್ಟು ಗುಡಿಸುವಾಗ ಊಟದ ಮೇಜಿನ ಆಚೆ ಒಂದು ಸಿಕ್ಕಿತು, ಸಾಸಿವೆಯ ಪಕ್ಕದಲ್ಲಿ ಇಟ್ಟರೆ ಗುರುತು ಹತ್ತದಷ್ಟು ಪುಟ್ಟದು.

ಅದೇ ವಾರ ಪಕ್ಕದ ಮನೆಯ ಅಜ್ಜಿ ತಮ್ಮ ಹೂ ಮುಗಿದ ಜೆರೇನಿಯಂಗಳನ್ನೆಲ್ಲ ಕತ್ತರಿ ಹಿಡಿದು ಬುಡಮಟ್ಟಕ್ಕೆ ಕತ್ತರಿಸಿ ಹಾಕಿದರು. ನನಗೆ ಕರುಳು ಚುರುಕ್ ಎಂದಿತು. ಎಲೆ, ಕಾಂಡ ಒಂದೂ ಉಳಿಸದೆ ಬೋಳಿಸಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ ಅಲ್ಲೇ ಮಡಿಕೆ ಬಿಚ್ಚುವ ಬೀಸಣಿಗೆಗಳಂತೆ ಹೊಸ ಎಲೆಗಳು ಎದ್ದು, ಕೆಲವು ಮತ್ತೊಮ್ಮೆ ಮೊಗ್ಗನ್ನೂ ತೋರಿಸಿದವು. ಈ ಗಿಡಗಳ ಆರೈಕೆ ಎಂದರೆ ಇಷ್ಟೇ: ಹೂವು ಮುಗಿದಾಗ ಕತ್ತರಿಸುವುದು, ನಾಲ್ಕೈದು ವರ್ಷಕ್ಕೊಮ್ಮೆ ಬುಡ ಅಗೆದು ಪಾಲು ಮಾಡಿ ನೆರೆಯವರಿಗೆ ಹಂಚುವುದು. ಗೊಬ್ಬರದ ಹಟವಿಲ್ಲ. ಗುಲಾಬಿ ಗಿಡಕ್ಕೆ ಮಾಡುವ ಸೇವೆಯ ಕಾಲುಭಾಗವನ್ನೂ ಇದು ಕೇಳುವುದಿಲ್ಲ. ಗುಲಾಬಿಯ ಬರಿಗಾಲನ್ನು ಮುಚ್ಚಿ ನಿಲ್ಲುವುದೂ ಇದೇ.

ಆದರೆ ಕಾಲುದಾರಿಯ ಆ ನೀಲಿ ಹಾಸು ಮುಗಿಯಲೇ ಇಲ್ಲ. ಜೂನ್ ಹೋಯಿತು, ಜುಲೈ ಹೋಯಿತು, ಆಗಸ್ಟಿನಲ್ಲಿಯೂ ಬೆಳಗಿನ ಮಬ್ಬಿಗೆ ಅದೇ ತೇಲುವ ಬಣ್ಣ. ಅದರ ಹೆಸರು ರೋಜಾನ್. ಹುಟ್ಟೂರು ಇಲ್ಲೇ, ಕ್ವಾಂಟಾಕ್ ಗುಡ್ಡಗಳ ಆಚೆ, ಸಮುದ್ರದ ದಂಡೆಯ ಕಿಲ್ವ್. ವರ್ಡ್ಸ್‌ವರ್ತ್, ಕೋಲ್‌ರಿಜ್ ಇಬ್ಬರೂ 1797–98ರಲ್ಲಿ ನಡೆದಾಡಿದ ಗುಡ್ಡಗಳವು. ಕಿಲ್ವ್‌ನಲ್ಲಿ ಡೊನಾಲ್ಡ್ ಮತ್ತು ರೋಜಾನ್ ವಾಟರರ್ ದಂಪತಿಯ ಕೈತೋಟದಲ್ಲಿ 1989ರಲ್ಲಿ, ಯಾರೂ ಬಿತ್ತದೆ ಎದ್ದ ಒಂದು ಸಸಿ ಬೇರೆಯಾಗಿ ಕಂಡಿತು. ಅದನ್ನು ಕಳೆಯೆಂದು ಕಿತ್ತೆಸೆಯದೆ ಬಿಟ್ಟರು. ಸಸಿಯ ತಂದೆತಾಯಿ ಎರಡೂ ನಮ್ಮ ಕಡೆಯ ಬೆಟ್ಟದವು: ಒಂದು ಹಿಮಾಲಯೆನ್ಸ್ ಎಂಬ ಜೆರೇನಿಯಂ, ಇನ್ನೊಂದು ವಾಲಿಚಿಯಾನಂ, ಕೋಲ್ಕತ್ತದ ಸಸ್ಯೋದ್ಯಾನವನ್ನು ಬಹುಕಾಲ ನೋಡಿಕೊಂಡ ಡೆನ್ಮಾರ್ಕಿನ ವೈದ್ಯ ವಾಲಿಚ್‌ನ ಹೆಸರು ಹೊತ್ತದ್ದು. ಹಿಮದ ಕೆಳಗೆ ಬೆಳೆದ ಎರಡು ಕುಲಗಳು ಸಾವಿರಾರು ಮೈಲಿ ದಾಟಿ ಬಂದು, ಸಾಮರ್‌ಸೆಟ್ಟಿನ ಯಾವುದೋ ಮಧ್ಯಾಹ್ನ ಒಂದು ದುಂಬಿಯ ಬೆನ್ನಿನ ಮೇಲೆ ಭೇಟಿಯಾದವು. ಆ ದುಂಬಿಯನ್ನು ಯಾರೂ ನೋಡಲಿಲ್ಲ.

2000ದಲ್ಲಿ ರೋಜಾನ್ ಲೋಕದ ಕಣ್ಣಿಗೆ ಬಿತ್ತು. 2013ರಲ್ಲಿ, ಚೆಲ್ಸಿ ಹೂವಿನ ಪ್ರದರ್ಶನಕ್ಕೆ ನೂರು ತುಂಬಿದಾಗ, ಶತಮಾನದ ಗಿಡವೆಂದು ಆರಿಸಿದ್ದು ಇದನ್ನೇ. ಇದು ಬೀಜ ಕಟ್ಟುವುದಿಲ್ಲ. ಕಟ್ಟದ್ದರಿಂದಲೇ ಹೂ ನಿಲ್ಲಿಸುವುದಿಲ್ಲ. ಮುಗಿಯಿತು ಎಂಬ ಸುದ್ದಿ ಗಿಡದ ಒಳಗೆ ಹುಟ್ಟುವುದೇ ಇಲ್ಲವಾದ್ದರಿಂದ ಚಳಿ ಬಂದು ಕೈಹಿಡಿದು ನಿಲ್ಲಿಸುವವರೆಗೂ ಅರಳುತ್ತಲೇ ಇರುತ್ತದೆ. ಈಗ ಎಷ್ಟು ದೇಶಗಳ ಎಷ್ಟು ಅಂಗಳಗಳಲ್ಲಿ ರೋಜಾನ್ ಇದ್ದರೂ, ಪ್ರತಿಯೊಂದೂ ಕಿಲ್ವ್‌ನ ಆ ಒಂದೇ ಸಸಿಯ ತುಂಡು. ಒಂದೇ ದೀಪದಿಂದ ಹಚ್ಚುತ್ತ ಹೋದ ದೀಪಗಳಲ್ಲಿ ಯಾವುದು ಮೊದಲಿನದು ಎಂದು ಕೇಳಿದರೆ ಏನು ಹೇಳುವುದು? ನಾನು ಸಂಜೆಯ ಹೊತ್ತು ಆ ಹಾಸಿನ ಪಕ್ಕ ಕಲ್ಲಿನ ಮೇಲೆ ಕೂತು, ಏನೂ ಯೋಚಿಸದೆ, ದುಂಬಿಯೊಂದು ಒಳಗೆ ನುಗ್ಗಿದಾಗ ಹೂವು ತೊಟ್ಟಿನ ಸಮೇತ ಬಾಗಿ ಮತ್ತೆ ನೇರವಾಗುವುದನ್ನು ನೋಡುತ್ತಿದ್ದೆ. ಪ್ರತಿ ಸಲ ಒಂದು ಸಣ್ಣ ನಮಸ್ಕಾರ.

ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಹೊತ್ತಿಗೆ ಮರದ ಕೆಳಗಿನ ಹದಿನಾಲ್ಕರಲ್ಲಿ ಹನ್ನೆರಡು ಬದುಕಿದ್ದವು. ಇನ್ನೂ ನಡುನಡುವೆ ಕೆಂಪು ಮಣ್ಣು ಕಾಣುತ್ತಿತ್ತು. ನವೆಂಬರಿನಲ್ಲಿ ಮಗಳು ಒಂದು ಚಿತ್ರ ಕಳಿಸಿದಳು: ಮರದ ಎಲೆಯೆಲ್ಲ ಉದುರಿ, ಅದರ ನಡುವೆ ನಮ್ಮ ಗಿಡಗಳ ಎಲೆ ಅಲ್ಲಲ್ಲಿ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಮಣ್ಣು ಕಾಣಲಿಲ್ಲ.

ಈ ಕೊಕ್ಕನ್ನು ಕಾಣಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಲೋಕದಲ್ಲಿ ಜೆರೇನಿಯಂ ಜಾತಿಗಳು ನಾನೂರಕ್ಕೂ ಹೆಚ್ಚು. ಅವುಗಳಲ್ಲೊಂದು, ನೇಪಾಲೆನ್ಸ್ ಎಂಬುದು, ನೀಲಗಿರಿಯ ಹುಲ್ಲಿನಲ್ಲಿ ಯಾರೂ ನೆಡದೆ ಬೆಳೆಯುತ್ತದೆ. ಮುಂದಿನ ಸಲ ಊಟಿಗೆ ಹೋದಾಗ ದಾರಿ ಬದಿಯಲ್ಲಿ ಒಮ್ಮೆ ಬಗ್ಗಿ ನೋಡಿ. ಹೂವು ಕಿರುಬೆರಳ ಉಗುರಿನಷ್ಟು, ತಿಳಿ ಗುಲಾಬಿ, ಐದು ಎಸಳು. ಪಕ್ಕದಲ್ಲಿ ಒಣಗಿದ ಕೊಕ್ಕು ಇದ್ದರೆ ಕೀಳಬೇಡಿ, ಬಿಸಿಲು ಏರುವವರೆಗೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.